ಆಂಡರ್ಸನ್‌ಪೇಟೆಯ ಗುರುವಾರಗಳು

ಚಿಕ್ಕಮುನಿಯಪ್ಪನನ್ನು ಕರೆಸಿದರೆ ಅವನು ಹಸುವನ್ನು ಮುಟ್ಟುವುದಕ್ಕೆ ಮೊದಲು ಹಸು ಸಾಕಿದವರ ಪ್ರಾಣ ತಿನ್ನುತ್ತಾನೆ ಎಂಬುದು ಬೇತಮಂಗಲದ ಕೆರೆಯಂಚಿನಿಂದ ಊರಿಗಾಂನ ಗಣಿ ಕಾರ್ಮಿಕರ ಲೈನುಮನೆಗಳವರೆಗೆ ಎಲ್ಲರಿಗೂ ಗೊತ್ತು. ಬೆದೆಗೆ ಬಂದ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವುದು ಅವನ ಕಸುಬು. ಬೇರೆಯವರಾದರೆ ಬಂದರು, ಕೆಲಸ ಮುಗಿಸಿದರು, ಕೈ ತೊಳೆದುಕೊಂಡು ಹೊರಟರು. ಇವನು ಟಿ.ವಿ.ಎಸ್. ಗಾಡಿ ನಿಲ್ಲಿಸಿದವನೇ ಕೊಟ್ಟಿಗೆಯ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಶುರು ಮಾಡುತ್ತಾನೆ. ಎಷ್ಟು ಹೊತ್ತಿನಿಂದ ಕೂಗುತ್ತಿದೆ? ಮೇವು ಬಿಟ್ಟಿದೆಯಾ? ನೀರು ಎಷ್ಟು ಕುಡಿಯುತ್ತೆ? ಲೋಳೆ ತಿಳಿಯಾಗಿದೆಯಾ, ಮಂಕಾಗಿದೆಯಾ? ಹೋದ ಸಲ ಕರು ಹಾಕಿದಾಗ ಮಾಸು ಪೂರ್ತಿ ಬಿತ್ತಾ? ಮೂರು ಸಲ ಮಾಡಿದರೂ ಗಬ್ಬ ಕಟ್ಟದ ಹಸು ಸಿಕ್ಕಿತೆಂದರಂತೂ ಮುಗಿಯಿತು, ಅದರ ಅಜ್ಜಿಯ ಚರಿತ್ರೆಯವರೆಗೂ ಕೆದಕುತ್ತಾನೆ.

ಈ ಕೆದಕುವ ಬುದ್ಧಿಯಿಂದಲೇ ಅವನಿಗೆ ಒಳ್ಳೆಯ ಹೆಸರು. ಇಪ್ಪತ್ತು ವರ್ಷದಿಂದ ಈ ಸುತ್ತಿನಲ್ಲಿ ಹುಟ್ಟಿದ ಕರುಗಳಲ್ಲಿ ಅರ್ಧಕ್ಕೆ ಅವನೇ ಅಪ್ಪ ಎಂದು ಟೀ ಅಂಗಡಿಯಲ್ಲಿ ನಗೆಯಾಡುತ್ತಾರೆ. ಅವನೂ ನಗುತ್ತಾನೆ. ಕಪ್ಪನೆಯ ಸಣಕಲು ದೇಹ, ಕಿವಿಯ ಮೇಲೆ ನರೆತ ನಾಲ್ಕು ಕೂದಲು, ಜೇಬಿನಲ್ಲಿ ಯಾವಾಗಲೂ ಒಂದು ಪೆನ್ನು. ಮನೆಯಲ್ಲಿ ಹೆಂಡತಿ ವೆಂಕಟರತ್ನಮ್ಮ, ಎರಡು ಹಸು, ಪಿಯುಸಿ ಓದುವ ಮಗಳು ಅಂಬಿಕ. ದೊಡ್ಡ ಮಗ ಮಾಲೂರಿನ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದು ಅಲ್ಲೇ ರೂಮು ಮಾಡಿಕೊಂಡಿದ್ದಾನೆ.

ನಲವತ್ತಾರರ ವಯಸ್ಸಿನಲ್ಲಿ ಚಿಕ್ಕಮುನಿಯಪ್ಪನಿಗೆ ಹೆಂಡತಿಯ ಮಗ್ಗುಲಲ್ಲಿ ಮೈ ಕೈಕೊಟ್ಟಿತು. ಮೊದಲ ಸಲ ದಣಿವು ಅಂದುಕೊಂಡ, ಆ ದಿನ ಹನ್ನೊಂದು ಹಸು ನೋಡಿದ್ದ. ಎರಡನೆಯ ಸಲ ಬಿಸಿಲಿನ ಮೇಲೆ ಹಾಕಿದ. ಮೂರನೆಯ ಸಲದ ಹೊತ್ತಿಗೆ ಹಾಕುವುದಕ್ಕೆ ಏನೂ ಉಳಿದಿರಲಿಲ್ಲ. ಬೆನ್ನು ನೋವು ಎಂದು ನೆಪ ಹೇಳಿ ಜಗುಲಿಯ ಮಂಚಕ್ಕೆ ಹಾಸಿಗೆ ತಂದುಕೊಂಡ. ವೆಂಕಟರತ್ನಮ್ಮ ಒಂದು ವಾರ ಬೆನ್ನಿಗೆ ಎಣ್ಣೆ ಕಾಯಿಸಿ ತಂದಳು. ಎಂಟನೆಯ ದಿನ ತರಲಿಲ್ಲ, ಇವನೂ ಕೇಳಲಿಲ್ಲ.

ನಾಚಿಕೆ ಒಂದು ಕಡೆ ಇರಲಿ, ಅವನಿಗೆ ಕುತೂಹಲವೂ ಹುಟ್ಟಿತು ಎಂದರೆ ನಂಬಬೇಕು. ಯಾಕೆ ಹೀಗಾಯಿತು? ಎರಡು ಮಕ್ಕಳನ್ನು ಹುಟ್ಟಿಸಿದವನಿಗೆ ಇಂಥದ್ದು ಬರುವುದಿಲ್ಲ ಎಂದೇ ಅವನು ಅದುವರೆಗೆ ನಂಬಿದ್ದ. ಬಂದಿದೆ ಅಂದಮೇಲೆ ಕಾರಣ ಇರಬೇಕು. ಕಾರಣ ಹುಡುಕುತ್ತ ಹುಡುಕುತ್ತ ಒಂದು ದಿನ ಗಾಡಿ ಓಡಿಸುವಾಗ ಅವನ ಕಣ್ಣು ತನ್ನ ಕಾಲುಗಳ ನಡುವೆ ಬಿತ್ತು. ಅಲ್ಲಿ ಕ್ಯಾನು ಕೂತಿತ್ತು.

ಹೋರಿಯ ವೀರ್ಯದ ಕಡ್ಡಿಗಳನ್ನು ಕೆಡದಂತೆ ಇಡುವ ಕ್ಯಾನು ಅದು. ಒಳಗೆ ನೈಟ್ರೋಜನ್ ದ್ರವ. ಮುಚ್ಚಳ ತೆಗೆದರೆ ಬಿಳಿ ಹೊಗೆ ಏಳುತ್ತದೆ. ಮಂಜುಗಡ್ಡೆಗಿಂತ ಎಷ್ಟೋ ಪಟ್ಟು ತಣ್ಣಗಿರುವ ಈ ದ್ರವ ಬೆರಳಿಗೆ ತಗುಲಿದರೆ ಸುಟ್ಟ ಹಾಗೆ ಬೊಬ್ಬೆ ಬರುತ್ತದೆ. ಈ ಕ್ಯಾನನ್ನು ಅವನು ಇಪ್ಪತ್ತು ವರ್ಷದಿಂದ ಗಾಡಿಯ ಮುಂದಿನ ಜಾಗದಲ್ಲಿ, ಎರಡು ತೊಡೆಗಳ ಮಧ್ಯೆ ಇಟ್ಟುಕೊಂಡೇ ಓಡಾಡಿದ್ದ. ಅಯ್ಯೋ ನನ್ನ ಕರ್ಮವೇ, ಎಂದು ಬೇತಮಂಗಲದ ರಸ್ತೆಯಲ್ಲೇ ಬ್ರೇಕು ಹಾಕಿದ. ಎಂಥ ನರವಾದರೂ ಈ ಶೀತಕ್ಕೆ ಮರಗಟ್ಟದೆ ಇರುತ್ತದೆಯೇ?

ಆ ದಿನದಿಂದ ಕ್ಯಾನು ಹಿಂದಿನ ಸೀಟಿಗೆ ಹೋಯಿತು. ಅದಕ್ಕೊಂದು ಗೋಣಿಚೀಲ ಸುತ್ತಿ, ಹಗ್ಗ ಬಿಗಿದು, ಮೂರು ತಿಂಗಳು ಕಾದ. ಹೆಂಡತಿಯನ್ನು ಹೊಲಕ್ಕೆ ಕರೆದುಕೊಂಡು ಹೋಗಬೇಕಾದಾಗೆಲ್ಲ ಸೀಟಿನಲ್ಲಿ ಜಾಗವಿಲ್ಲದೆ ಅವಳು ನಡೆದೇ ಹೋಗಬೇಕಾಯಿತು. ಕ್ಯಾನನ್ನು ಯಾಕೆ ಹಿಂದೆ ಕಟ್ಟಿದ್ದೀರಿ ಎಂದು ಕೇಳಿದಳು. ಮುಂದೆ ಇಟ್ಟರೆ ಮಂಡಿಗೆ ತಗುಲುತ್ತೆ ಎಂದ. ಮೂರು ತಿಂಗಳಾದರೂ ಫಲ ಸೊನ್ನೆ.

ಆಂಡರ್ಸನ್‌ಪೇಟೆಯ ವಿಷಯ ಅವನಿಗೆ ತಿಳಿದದ್ದು ಬಂಗಾರಪೇಟೆಯಿಂದ ಬರುವ ಬಸ್ಸಿನಲ್ಲಿ. ಮುಂದಿನ ಸೀಟಿನ ಬೆನ್ನಿಗೆ ಒಂದು ಹಳದಿ ಚೀಟಿ ಅಂಟಿಸಿದ್ದರು. ಪ್ರತಿ ತಿಂಗಳ ಮೊದಲ ಗುರುವಾರ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ವಂಶಪಾರಂಪರ್ಯ ವೈದ್ಯರು ಆಂಡರ್ಸನ್‌ಪೇಟೆಯ ಲಾಡ್ಜಿನಲ್ಲಿ ಸಿಗುತ್ತಾರೆ, ಗುಟ್ಟು ಕಾಪಾಡಲಾಗುವುದು. ಪಕ್ಕದವನು ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಅವನು ಚೀಟಿಯನ್ನು ಬಾಯಿಪಾಠ ಮಾಡಿಕೊಂಡ.

ಲಾಡ್ಜಿನ ಮೆಟ್ಟಿಲು ಪಾತ್ರೆ ಅಂಗಡಿಯ ಪಕ್ಕದಿಂದ ಮೇಲೆ ಹೋಗುತ್ತದೆ. ಮೇಲಿನ ಕೊಠಡಿಯಲ್ಲಿ ಮಂಚದ ಮೇಲೆ ಸೀಸೆಗಳನ್ನು ಹರಡಿಕೊಂಡು ಕೂತಿದ್ದ ವೈದ್ಯನ ಹಣೆಯ ತುಂಬ ವಿಭೂತಿ, ಬೆರಳಿಗೆ ನಾಲ್ಕು ಉಂಗುರ. ಎರಡು ಬೆರಳಿಂದ ನಾಡಿ ಹಿಡಿದು ಕಣ್ಣು ಮುಚ್ಚಿದ. ಒಂದೇ ಒಂದು ಪ್ರಶ್ನೆ ಕೇಳಿದ.

"ಚಿಕ್ಕ ವಯಸ್ಸಲ್ಲಿ ಕೈಯಿಂದ ತಪ್ಪು ಮಾಡಿದ್ದುಂಟಾ?"

"ಉಂಟು ಸ್ವಾಮಿ."

"ಅದೇ. ಧಾತು ಹೋಗಿದೆ, ಆ ಜಾಗದಲ್ಲಿ ಉಷ್ಣ ತುಂಬಿಕೊಂಡಿದೆ."

ಚಿಕ್ಕಮುನಿಯಪ್ಪನ ತಲೆಯೊಳಗೆ ಹುಳ ಹೊಕ್ಕಿತು. ಆ ತಪ್ಪು ಮಾಡದ ಗಂಡಸು ಯಾರಿದ್ದಾನೆ? ಅದೇ ಕಾರಣವಾದರೆ ಬಂಗಾರಪೇಟೆ ತಾಲ್ಲೂಕಿನಲ್ಲಿ ಒಂದು ತೊಟ್ಟಿಲೂ ತೂಗುತ್ತಿರಲಿಲ್ಲ. ಆದರೂ ಅದನ್ನು ಬಿಟ್ಟು ಇನ್ನೊಂದನ್ನು ಕೇಳಿದ.

"ಸ್ವಾಮಿ, ನಾನು ಇಪ್ಪತ್ತ್ ವರ್ಷದಿಂದ ಕಾಲ್ ಸಂದೀಲಿ ನೈಟ್ರೋಜನ್ ಇಟ್ಕಂಡು ಓಡಾಡ್ದೋನು. ಅದು ಮಂಜಿಗಿಂತ ತಣ್ಣಗೆ. ಅಂಗಿರುವಾಗ ಉಷ್ಣ ಎಂಗೆ ಬಂತು?"

ವೈದ್ಯ ಕಣ್ಣು ಬಿಟ್ಟ. ಇಂಥ ರೋಗಿಯನ್ನು ಅವನು ನೋಡಿರಲಿಕ್ಕಿಲ್ಲ. ಬೆರಳಿನ ಉಂಗುರ ತಿರುಗಿಸುತ್ತ, "ಹೊರಗಿನ ಶೀತ ಒಳಗಿನ ಉಷ್ಣಾನ ಒಳಕ್ಕೇ ತಳ್ಳುತ್ತೆ" ಅಂದ. ಪುಡಿಯ ಪೊಟ್ಟಣ ಕೈಗಿಟ್ಟು, ಹಾಲಿನಲ್ಲಿ ಕಲಸಿ ಕುಡಿ, ಮುಂದಿನ ತಿಂಗಳ ಗುರುವಾರ ಬಾ ಎಂದು ಕಳಿಸಿದ.

ಮನೆಗೆ ಬಂದವನಿಗೆ ಆ ಮಾತು ಜೀರ್ಣವಾಗಲಿಲ್ಲ. ಮರುದಿನ ಬೆಳಿಗ್ಗೆ ಹೆಂಡತಿಯ ತೆಂಗಿನೆಣ್ಣೆ ಸೀಸೆಯನ್ನು ಕದ್ದು, ಕ್ಯಾನಿನ ಹೊಟ್ಟೆಗೆ ಒತ್ತಿ ದಾರದಿಂದ ಕಟ್ಟಿ, ಇಡೀ ದಿನ ಊರೂರು ಸುತ್ತಿದ. ಮಾಗಿಯ ಚಳಿಗೇ ತೆಂಗಿನೆಣ್ಣೆ ಗಟ್ಟಿಯಾಗುತ್ತದೆ. ಕ್ಯಾನಿನ ಶೀತ ಹೊರಕ್ಕೆ ಬರುವುದು ನಿಜವಾದರೆ ಇದೂ ಗಟ್ಟಿಯಾಗಲೇಬೇಕು. ಸಂಜೆ ಬಿಚ್ಚಿ ನೋಡಿದರೆ ಎಣ್ಣೆ ನೀರಿನ ಹಾಗೆ ಅಲ್ಲಾಡುತ್ತಿತ್ತು. ಆಗ ಕ್ಯಾನನ್ನು ಅಂಗೈಯಿಂದ ಸವರಿ ನೋಡಿದ. ಹೊರಮೈ ಸ್ವಲ್ಪವೂ ತಣ್ಣಗಿಲ್ಲ! ಇಪ್ಪತ್ತು ವರ್ಷ ಮುಟ್ಟಿದ ವಸ್ತುವನ್ನು ಅವನು ಅವತ್ತೇ ಮೊದಲ ಸಲ ಗಮನವಿಟ್ಟು ಮುಟ್ಟಿದ್ದು. ಕ್ಯಾನು ನಿರಪರಾಧಿ ಎಂದು ತೀರ್ಮಾನವಾಯಿತು, ಮತ್ತೆ ಮುಂದಿನ ಜಾಗಕ್ಕೆ ಬಂತು.

ಕ್ಯಾನಿನ ವಿಷಯದಲ್ಲಿ ವೈದ್ಯ ಬುರುಡೆ ಬಿಟ್ಟಿದ್ದಾನೆ ಎಂದು ಗೊತ್ತಾದಮೇಲೂ ಅವನು ಪುಡಿ ಕುಡಿದನೇ? ಕುಡಿದ. ಆಸೆ ಎಂಬುದು ಲೆಕ್ಕ ಕೇಳುವುದಿಲ್ಲ. ಒಂದು ಗುರುವಾರ ಹೋಗಿ ಐದು ಗುರುವಾರಗಳಾದವು. ಪುಡಿ ಕುಡಿದ ಸಂಜೆಗಳಲ್ಲಿ ಮುಖ ಕೆಂಪಾಗಿ ಕಾದು, ತಲೆ ಸಿಡಿದು, ಎದೆ ಡಬಡಬ ಬಡಿದುಕೊಳ್ಳುತ್ತಿತ್ತು. ಅದರಿಂದ ಬೇರೆ ಯಾವ ಪ್ರಯೋಜನವೂ ಆಗಲಿಲ್ಲ. ಅವನು ಜಗುಲಿಯ ಮೇಲೆ ತಲೆ ಹಿಡಿದು ಕೂತಿರುವುದನ್ನು ವೆಂಕಟರತ್ನಮ್ಮ ಒಳಬಾಗಿಲಿನಿಂದ ನೋಡುತ್ತಿದ್ದಳು.

ಪಾತ್ರೆ ಅಂಗಡಿಗೆ ಬಂದ ಅವನ ಊರಿನವರು ಯಾರೋ ಅವನು ಲಾಡ್ಜಿನ ಮೆಟ್ಟಿಲು ಹತ್ತುವುದನ್ನು ಕಂಡರು. ಮುಂದಿನ ತಿಂಗಳು ಇನ್ನೊಬ್ಬರು ಕಂಡರು. ಪೇಟೆಯ ಲಾಡ್ಜಿಗೆ ಹಾಡಹಗಲೇ ತಿಂಗಳಿಗೊಮ್ಮೆ ತಪ್ಪದೆ ಹೋಗುವ ಗಂಡಸಿಗೆ ಏನು ಕೆಲಸ ಇದ್ದೀತು? ಡೈರಿಗೆ ಹಾಲು ಹಾಕುವ ಸಾಲಿನಲ್ಲಿ ಕ್ಯಾನುಗಳು ಮುಂದೆ ಸರಿದ ಹಾಗೆ ಸುದ್ದಿಯೂ ಸರಿಯಿತು. ಚಿಕ್ಕಮುನಿಯಪ್ಪ ಆಂಡರ್ಸನ್‌ಪೇಟೆಯಲ್ಲಿ ಒಬ್ಬಳನ್ನು ಇಟ್ಟುಕೊಂಡಿದ್ದಾನೆ.

ಟೀ ಅಂಗಡಿಯಲ್ಲಿ ಅವನಿಗೆ ಈಗ ಬೆಂಚಿನ ಮೇಲೆ ಜಾಗ ಬಿಡುತ್ತಿದ್ದರು. ಟೊಮೆಟೊ ಲಾರಿಗೆ ಲೋಡು ಮಾಡುವ ವೇಣು ಎಂಬ ಸ್ನೇಹಿತ ಅವನ ತೊಡೆ ತಟ್ಟಿ, "ಏನ್ಲಾ, ಕರುಗಳ್ಗೆಲ್ಲಾ ಅಪ್ಪ ಆಗಿದ್ದು ಸಾಲ್ದು ಅಂತ ಪ್ಯಾಟೇಗೂ ಓಯ್ತೀಯಂತಲ್ಲಾ! ಗುರುವಾರ ಬಲೇ ಜೋರು ಕಣ್ಲಾ" ಅಂದ. ಸುತ್ತಲಿದ್ದವರೆಲ್ಲ ಹೋ ಎಂದು ನಕ್ಕರು. ಚಿಕ್ಕಮುನಿಯಪ್ಪ ಅಲ್ಲ ಎನ್ನಬಹುದಿತ್ತು. ಅವನು ಟೀ ಲೋಟದೊಳಗೆ ನೋಡುತ್ತ ಮೀಸೆಯಡಿಯಲ್ಲಿ ನಕ್ಕ. ಹೇಳಲೇಬೇಕು, ಇದು ಹೇಸಿಗೆ ಕೆಲಸ. ಕೈಲಾಗದವನು ಅನ್ನಿಸಿಕೊಳ್ಳುವುದಕ್ಕಿಂತ ಕಚ್ಚೆಹರುಕ ಅನ್ನಿಸಿಕೊಳ್ಳುವುದು ಅವನಿಗೆ ಗೌರವವಾಗಿ ಕಂಡಿತು.

ಅದೇ ವಾರ ವೆಂಕಟರತ್ನಮ್ಮ ಬೆಳಿಗ್ಗೆ ಅವನ ಮುಂದೆ ಮುದ್ದೆಯ ತಟ್ಟೆ ಇಟ್ಟು, ಕೂರದೆ ನಿಂತುಕೊಂಡೇ ಕೇಳಿದಳು.

"ಅವ್ಳು ಯಾರು?"

ತಟ್ಟೆಯಿಂದ ತಲೆ ಎತ್ತಲಿಲ್ಲ ಅವನು. ಯಾರೂ ಇಲ್ಲ ಎಂದರೆ, ಮತ್ತೆ ಲಾಡ್ಜಿಗೆ ಯಾಕೆ ಹೋದೆ ಎಂದು ಕೇಳುತ್ತಾಳೆ. ಅದಕ್ಕೆ ಉತ್ತರ ಹೇಳಬೇಕಾಗುತ್ತದೆ. ಅವನು ಮುದ್ದೆ ಮುರಿದು ಸಾರಿಗೆ ಅದ್ದಿದ. ಅಷ್ಟು ಹೊತ್ತು ಕಾದು ಅವಳು ಹೇಳಿದಳು: "ಅಂಬಿಕನ ಪರೀಕ್ಸೆ ಸನಿವಾರ ಮುಗೀತದೆ. ಭಾನುವಾರ ನಮ್ಮಣ್ಣ ಬತ್ತಾನೆ. ನಾನು ಮಗಳ್ನ ಕರ್ಕಂಡು ಬಂಗಾರಪೇಟೆಗೆ ಓಗ್ತೀನಿ. ಅಸುಗಳು ನಿಮ್ಗೆ ಬೇಕಾದ್ರೆ ಇಟ್ಕಳಿ, ಇಲ್ದಿದ್ರೆ ಮಾರ್ಬುಡಿ."

ಅವಳು ಜಗಳ ಕಾಯ್ದಿದ್ದರೆ ಅವನಿಗೆ ಸಲೀಸಾಗುತ್ತಿತ್ತು. ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಸಿಟ್ಟು ಯಾಕಿಲ್ಲ ಎಂಬ ಪ್ರಶ್ನೆ ಅವನನ್ನು ಅಂದು ಇಡೀ ದಿನ ಕಾಡಿತು. ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಭಾನುವಾರಕ್ಕೆ ಆರು ದಿನ ಉಳಿದಿತ್ತು, ಇಪ್ಪತ್ತೆರಡು ವರ್ಷದ ಸಂಸಾರ ಕೈಬಿಟ್ಟು ಹೋಗುತ್ತಿತ್ತು, ಅವನ ಎದೆಯಲ್ಲಿ ಬರೀ ಭಯ.

ಮಂಗಳವಾರ ಊರಿಗಾಂನ ಪಾಪಕ್ಕ ಫೋನು ಮಾಡಿಸಿದಳು. ಚಿನ್ನದ ಗಣಿ ಮುಚ್ಚುವುದಕ್ಕೆ ಮುಂಚೆ ಅವಳ ಗಂಡ ಕುಪ್ಪುಸ್ವಾಮಿ ಗಣಿಯೊಳಗೆ ದುಡಿದವನು. ಅವನು ತೀರಿಕೊಂಡು ಎಂಟು ವರ್ಷ. ಲೈನಿನ ಕೊನೆಯ ಮನೆಯಲ್ಲಿ ಮುದುಕಿ ಒಂದು ಹಸು ಇಟ್ಟುಕೊಂಡು ಅಕ್ಕಪಕ್ಕದ ಮನೆಗಳಿಗೆ ಹಾಲು ಕೊಡುತ್ತಾಳೆ. ಬಾಯಿ ಬಲು ಜೋರು. ತಮಿಳು ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಬೈಗುಳಕ್ಕೆ ಬಳಸುತ್ತಾಳೆ.

ಚಿಕ್ಕಮುನಿಯಪ್ಪ ಎಂದಿನಂತೆ ಕುಕ್ಕರುಗಾಲಲ್ಲಿ ಕೂತ. ಮೊದಲು ಒಂದು ಚೊಂಬು ನೀರು ಕೇಳಿ ಕುಡಿದ. ಹಸುವಿನ ಮೇವಿನ ವಿಷಯ ವಿಚಾರಿಸಿ ಇನ್ನೊಂದು ಚೊಂಬು ಕುಡಿದ. ಹಿತ್ತಲ ಬೇಲಿಯ ಕಡೆ ಎದ್ದು ಹೋಗಿ ಬಂದ. ಮತ್ತೆ ಕೂತು, "ಅಕ್ಕಾ, ಅಸು ನೀರ್ ಎಷ್ಟ್ ಕುಡೀತದೆ?" ಎಂದು ಕೇಳುತ್ತ ಮೂರನೆಯ ಚೊಂಬಿಗೆ ಕೈ ಚಾಚಿದ.

ಪಾಪಕ್ಕ ಚೊಂಬನ್ನು ಕೊಡದೆ ಹಿಂದಕ್ಕೆ ಎಳೆದುಕೊಂಡಳು.

"ಅಸು ಕುಡಿಯೋದ್ ಆಮೇಲ್ ಏಳ್ತೀನಿ. ನೀನ್ ಎಷ್ಟ್ ಕುಡೀತಿ ತಂಬಿ?"

"ಬಿಸ್ಲು ಅಲ್ವಾ ಅಕ್ಕಾ."

"ಬಿಸ್ಲು ನನ್ಗೂ ಐತೆ. ಓದ್ಸಲ ಬಂದಾಗ್ಲೂ ನೋಡ್ದೆ, ಗಂಟೆಗ್ ಮೂರ್ ದಪ ಬೇಲಿಗ್ ಓಗ್ತಿ. ನೀನ್ ಓದ ಜಾಗ್ದಾಗ ಇರುವೆ ಸಾಲ್ ಕಟ್ತದೆ. ನಮ್ಮ ಮನುಷನ್ಗೂ ಇಂಗೇ ಇತ್ತು. ಸಕ್ಕರೆ. ಕಾಲ್ ಬೆರಳ್ ಕೊಯ್ದಾಕೋ ತನ್ಕ ಡಾಕ್ಟ್ರ ತಾವ ಓಗ್ಲಿಲ್ಲ, ಮೂದೇವಿ." ಆಮೇಲೆ ಒಂದು ಸಲ ಹಿಂದೆ ಮುಂದೆ ನೋಡಿ, ದನಿ ತಗ್ಗಿಸದೆಯೇ ಹೇಳಿದಳು: "ಇನ್ನೊಂದೂ ಇತ್ತು. ಅದನ್ನ ಏಳ್ಕಳಾಕೆ ನಾಚ್ಕೆ ಅಂತ ನಾಲ್ಕ್ ವರ್ಷ ನನ್ ಕಡೆ ತಿರುಗೇ ಮಲ್ಗಲಿಲ್ಲ."

ಚಿಕ್ಕಮುನಿಯಪ್ಪ ಚೊಂಬಿಗೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ನೂರಾರು ಕೊಟ್ಟಿಗೆಗಳಲ್ಲಿ ಸಾವಿರಾರು ಸಲ ತಾನು ಕೇಳಿದ ಪ್ರಶ್ನೆ ಅದು. ನೀರು ಎಷ್ಟು ಕುಡಿಯುತ್ತೆ? ಗಬ್ಬ ಕಟ್ಟದ ಹಸುವಾದರೆ ಮೊದಲು ಮೇವು, ನೀರು, ಗಂಜಳ, ಮೈತೂಕ ನೋಡಬೇಕು, ಗರ್ಭಕೋಶದ ಮಾತು ಕಡೆಗೆ ಎಂದು ಇವನೇ ಊರಿಗೆಲ್ಲ ಪಾಠ ಹೇಳಿದವನು. ತನ್ನ ವಿಷಯಕ್ಕೆ ಬಂದಾಗ ಕ್ಯಾನು, ಉಷ್ಣ, ಧಾತು ಅಂತ ಆ ಒಂದು ಜಾಗದ ಸುತ್ತಲೇ ಗಿರಕಿ ಹೊಡೆದಿದ್ದ. ಎರಡು ವರ್ಷದಲ್ಲಿ ಪ್ಯಾಂಟು ಸಡಿಲವಾಗಿ ಬೆಲ್ಟಿಗೆ ಮೂರು ಹೊಸ ತೂತು ಬಿದ್ದಿದ್ದವು. ಅದನ್ನೂ ಬಿಸಿಲಿನ ಮೇಲೇ ಹಾಕಿದ್ದ. ತನ್ನ ದಡ್ಡತನಕ್ಕೆ ಅವನಿಗೆ ನಗು ಬಂತು, ಜೊತೆಗೇ ಅಳುವೂ ಬಂತು.

ಗುರುವಾರ ಬೆಳಿಗ್ಗೆ ಅವನು ಆಂಡರ್ಸನ್‌ಪೇಟೆಯ ಕಡೆ ಹೋಗದೆ ಬೇತಮಂಗಲದ ಸರ್ಕಾರಿ ಆಸ್ಪತ್ರೆಗೆ ಹೋಗಿ ಬೆರಳಿಗೆ ಸೂಜಿ ಚುಚ್ಚಿಸಿಕೊಂಡ. ಸಕ್ಕರೆ ಮುನ್ನೂರು ದಾಟಿತ್ತು. ಡಾಕ್ಟರ್ ಶ್ಯಾಮಲ ಅವನ ಮಗನಿಗಿಂತ ಏಳೆಂಟು ವರ್ಷ ದೊಡ್ಡವರು ಇರಬಹುದು. ಚೀಟಿ ನೋಡಿ, ರಕ್ತದೊತ್ತಡ ನೋಡಿ, ಕಾಲಿನ ಬೆರಳುಗಳ ಸಂದಿ ನೋಡಿ, ಒಂದಾದಮೇಲೊಂದು ಕೇಳುತ್ತ ಹೋದರು. ಕಣ್ಣು ಮಂಜಾಗುತ್ತಾ? ಪಾದ ಉರಿಯುತ್ತಾ? ನಡೆದರೆ ಎದೆ ಹಿಡಿದುಕೊಳ್ಳುತ್ತಾ? ಅದೇ ದನಿಯಲ್ಲಿ, ಬರೆಯುತ್ತ ಬರೆಯುತ್ತಲೇ ಮುಂದಿನದು ಬಂತು.

"ಮನೆಯವರ ಜೊತೆ ಸೇರುವಾಗ ಗಡಸು ಬರೋದು, ನಿಲ್ಲೋದು, ತೊಂದರೆ ಏನಾದ್ರೂ ಇದೆಯಾ?"

ಚಿಕ್ಕಮುನಿಯಪ್ಪ ನೆಲ ನೋಡಿದ. ಆಮೇಲೆ ತಡೆಯಲಾರದೆ ಕೇಳಿದ. "ಅದ್ನೂ ಕೇಳ್ತೀರಾ ಮೇಡಂ?"

"ಸಕ್ಕರೆ ಇರೋ ಗಂಡಸ್ರನ್ನೆಲ್ಲಾ ಕೇಳ್ತೀನಿ. ಹತ್ತು ಜನಕ್ಕೆ ಕೇಳಿದ್ರೆ ನಾಲ್ಕೈದು ಜನ ನಿಮ್ಮ ಥರಾನೇ ನೆಲ ನೋಡ್ತಾರೆ."

ನಾಲ್ಕೈದು ಜನ! ಈ ಬೆಂಚಿನ ಮೇಲೆ, ತನಗಿಂತ ಮುಂಚೆ! ಅವನ ಕುತೂಹಲ ಕಟ್ಟು ಬಿಚ್ಚಿದ ಕರುವಿನಂತೆ ಹಾರಿತು. ನಾಚಿಕೆ ಎಲ್ಲಿ ಹೋಯಿತೋ, ಹಿಂದೆ ರೋಗಿಗಳು ಕಾಯುತ್ತಿದ್ದಾರೆ ಎಂಬುದನ್ನೂ ಮರೆತು ಕೇಳತೊಡಗಿದ. ಚಿಕ್ಕಂದಿನ ಕೈಚಟದಿಂದ ಬರುತ್ತದೆಯೇ? ಇಲ್ಲ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಉಷ್ಣ? ಅದೂ ಇಲ್ಲ. ವಯಸ್ಸಾಯಿತಲ್ಲ, ಮುಗಿಯಿತು ಅಂದುಕೊಳ್ಳಬೇಕೇ? ವಯಸ್ಸಾದರೆ ನಿಧಾನ ಆಗಬಹುದು, ನಿಂತೇ ಹೋಗಬೇಕು ಅಂತ ಎಲ್ಲೂ ಬರೆದಿಲ್ಲ.

"ಅಲ್ಲ ಮೇಡಂ, ನನ್ಗೆ ಎರಡ್ ಮಕ್ಳು ಅವ್ರಲ್ಲಾ?"

"ಹೋರಿಗಳ ವಿಷ್ಯ ನಿಮಗೆ ನಾನು ಹೇಳ್ಬೇಕಾ?" ಚೀಟಿಯಲ್ಲಿ ಅವನ ಕಸುಬು ಓದಿದ್ದ ಡಾಕ್ಟರು ಮೊದಲ ಸಲ ನಕ್ಕರು. ಅವನಿಗೂ ಹೊಳೆಯಿತು. ವೀರ್ಯ ಚೆನ್ನಾಗಿದ್ದರೂ ಹಿಂಗಾಲು ಬಿದ್ದುಹೋಗಿ ಹಸು ಹತ್ತಲಾಗದ ಹೋರಿಗಳಿವೆ; ಚಂಗನೆ ಹತ್ತಿದರೂ ವೀರ್ಯದಲ್ಲಿ ಸತ್ತ್ವವಿಲ್ಲದವೂ ಇವೆ. ಎರಡು ಬೇರೆ ಬೇರೆ ಸಂಗತಿ ಎಂದು ಅವನೇ ನೂರು ಸಲ ಹೇಳಿದ್ದ.

"ಮತ್ತೆ ಇದು ಮನ್ಸಿಂದ ಬರೋದಾ?"

"ಕೆಲವರಿಗೆ ಮನಸ್ಸಿಂದ, ಕೆಲವರಿಗೆ ದೇಹದಿಂದ. ಬಹಳ ಜನಕ್ಕೆ ಎರಡೂ ಸೇರಿರುತ್ತೆ. ಬೆಳಿಗ್ಗೆ ಏಳುವಾಗ ತಾನಾಗೇ ಗಡಸಾಗಿರುತ್ತಾ?"

"ಈಗ ಇಲ್ಲ."

"ಹಾಗಾದ್ರೆ ನಿಮ್ಮದು ಹೆಚ್ಚಾಗಿ ದೇಹದ್ದೇ ಇರಬೇಕು. ಅಲ್ಲಿನ ರಕ್ತನಾಳ ಬಹಳ ಸಣ್ಣದು. ಸಕ್ಕರೆಯಿಂದ ನಾಳ ಕೆಡ್ತಾ ಬಂದಾಗ ಎದೆಗಿಂತ ಮೊದಲು ಅಲ್ಲಿ ಗೊತ್ತಾಗ್ಬಹುದು. ಅದಕ್ಕೇ ಹೃದಯಾನೂ ನೋಡ್ಬೇಕು ಅನ್ನೋದು."

ಟೊಮೆಟೊ ತೋಟದ ಡ್ರಿಪ್ಪಿನಲ್ಲಿ ದಪ್ಪ ಪೈಪಿಗಿಂತ ಮುಂಚೆ ಸಣ್ಣ ಪೈಪು ಕಟ್ಟಿಕೊಳ್ಳುವುದನ್ನು ಅವನು ನೋಡಿದ್ದ. ವಿಷಯ ತಟ್ಟನೆ ತಲೆಗೆ ಹೋಯಿತು. ಜೇಬಿನಿಂದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟ. ಡಾಕ್ಟರು ಅದನ್ನು ಬಿಚ್ಚಿ ನೋಡಿ ಮುಖ ಗಂಟಿಕ್ಕಿದರು. ಇಂಥ ಪುಡಿಗಳಲ್ಲಿ ಇಂಗ್ಲಿಷ್ ಮಾತ್ರೆಯನ್ನೇ ಕುಟ್ಟಿ ಬೆರೆಸಿರುವುದುಂಟು, ಎಷ್ಟು ಬೆರೆಸಿದ್ದಾರೆ ಎಂದು ಬೆರೆಸಿದವರಿಗೂ ಗೊತ್ತಿರುವುದಿಲ್ಲ, ಎದೆನೋವಿನ ಕೆಲವು ಮಾತ್ರೆ ತೆಗೆದುಕೊಳ್ಳುವವರು ಕುಡಿದರೆ ಪ್ರಾಣಕ್ಕೇ ಬರಬಹುದು ಎಂದರು. ಮೊದಲು ಸಕ್ಕರೆ ಹಿಡಿತಕ್ಕೆ ಬರಲಿ, ಇಸಿಜಿ ನೋಡೋಣ, ಆಮೇಲೆ ಇದಕ್ಕೂ ಮಾತ್ರೆ ಇದೆ, ಬೇರೆ ದಾರಿಗಳೂ ಇವೆ, ನೂರಕ್ಕೆ ನೂರು ಗುಣ ಎಂದು ಭರವಸೆ ಕೊಡುವುದಿಲ್ಲ, ಬಹಳ ಜನಕ್ಕೆ ಅನುಕೂಲ ಆಗಿದೆ ಎಂದರು.

"ಮನೆಯವರಿಗೆ ಹೇಳಿದ್ದೀರಾ?"

ಅವನು ಮತ್ತೆ ನೆಲ ನೋಡಿದ.

"ಹೇಳಿ. ಮುಂದಿನ ಸಲ ಅವರನ್ನೂ ಕರ್ಕೊಂಡು ಬನ್ನಿ."

ಶುಕ್ರವಾರ ಹೇಳುತ್ತೇನೆ ಅಂದುಕೊಂಡ. ಶುಕ್ರವಾರ ಅವಳು ಹಪ್ಪಳದ ಡಬ್ಬಿಗಳನ್ನು ಕಟ್ಟುತ್ತಿದ್ದಳು. ಶನಿವಾರ ಅಂಬಿಕ ಪರೀಕ್ಷೆ ಮುಗಿಸಿ ಬಂದು ಅಪ್ಪನ ಮುಖ ನೋಡದೆ ತನ್ನ ಬಟ್ಟೆ ಜೋಡಿಸಿಕೊಂಡಳು. ಸಾವಿರ ಹೆಂಗಸರ ಮುಂದೆ ಲೋಳೆ, ಬೆದೆ, ಗರ್ಭ ಎಂದು ಒಂದಿಷ್ಟೂ ಅಳುಕದೆ ಮಾತಾಡುವ ಬಾಯಿ, ಕಟ್ಟಿಕೊಂಡ ಹೆಂಡತಿಯ ಮುಂದೆ ಒಣಗಿಹೋಗುತ್ತಿತ್ತು. ಚೊಂಬುಗಟ್ಟಲೆ ನೀರು ಕುಡಿದರೂ ಆ ಬಾಯಾರಿಕೆ ಹೋಗುವಂಥದ್ದಲ್ಲ.

ಭಾನುವಾರ ಹತ್ತೂವರೆಯ ಬಸ್ಸಿಗೆ ದೊಡ್ಡವೆಂಕಟಪ್ಪ ಬಂದ. ವೆಂಕಟರತ್ನಮ್ಮನ ಒಬ್ಬನೇ ಅಣ್ಣ, ಬಂಗಾರಪೇಟೆಯಲ್ಲಿ ತರಕಾರಿ ಮಂಡಿ ಇಟ್ಟವನು, ಐವತ್ತೈದು ದಾಟಿದ್ದರೂ ಮೀಸೆಗೆ ಬಣ್ಣ ಹಚ್ಚುವ ಆಸಾಮಿ. ಕಾಫಿ ಕುಡಿದು, ಹೆಗಲ ಮೇಲಿನ ಟವೆಲ್ ಸರಿ ಮಾಡಿಕೊಂಡು, ತಂಗಿಯ ಗಂಡನನ್ನು ಕೊಟ್ಟಿಗೆಯ ಹಿಂದೆ ಕರೆದ. ಬೈಗುಳ ತಿನ್ನಲು ಸಿದ್ಧನಾಗಿಯೇ ಚಿಕ್ಕಮುನಿಯಪ್ಪ ಹೋದ.

ದೊಡ್ಡವೆಂಕಟಪ್ಪ ಅವನ ಹೆಗಲ ಮೇಲೆ ಕೈ ಹಾಕಿದ. "ನೋಡಪ್ಪಾ, ಗಂಡ್ಸು ಅಂದ್ಮ್ಯಾಕೆ ಇಂಥವೆಲ್ಲಾ ಇದ್ದಿದ್ದೇಯ. ನಾನೇನ್ ಕಾಣ್ದೋನಾ? ಅವ್ಳ್ ಮುಂದೆ ಒಂದ್ ಮಾತ್ ಏಳ್ಬುಡು, ತಪ್ಪಾಯ್ತು, ಇನ್ಮ್ಯಾಕೆ ಆ ಕಡೆ ಓಗಲ್ಲ ಅಂತ. ಮಿಕ್ಕಿದ್ದು ನಾನ್ ನೋಡ್ಕಂತೀನಿ. ಅವ್ಳು ಎಲ್ಗೂ ಬರಲ್ಲ, ಇಲ್ಲೇ ಇರ್ತಾಳೆ."

ಬಾಗಿಲು ಇಷ್ಟು ಸಲೀಸಾಗಿ ತೆರೆಯುತ್ತದೆ ಎಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ತಪ್ಪಾಯಿತು ಎಂದರೆ ಸಾಕು. ಹೆಂಡತಿ ಉಳಿಯುತ್ತಾಳೆ, ಮಗಳು ಉಳಿಯುತ್ತಾಳೆ, ಟೀ ಅಂಗಡಿಯ ಬೆಂಚೂ ಉಳಿಯುತ್ತದೆ. ಸಕ್ಕರೆಯ ಮಾತ್ರೆ ಹೇಗಿದ್ದರೂ ನುಂಗಬಹುದು. ತಲೆ ಆಡಿಸುತ್ತಲೇ ಅವನು ಭಾವನ ಹಿಂದೆ ಜಗುಲಿಗೆ ಬಂದ.

ವೆಂಕಟರತ್ನಮ್ಮ ಕಂಬಕ್ಕೆ ಒರಗಿ ನಿಂತಿದ್ದಳು. ಪಕ್ಕದಲ್ಲಿ ಎರಡು ಬ್ಯಾಗು. ಅಂಬಿಕ ಒಳಗಿದ್ದಳು. ದೊಡ್ಡವೆಂಕಟಪ್ಪ ಗಂಟಲು ಸರಿಮಾಡಿಕೊಂಡು, "ನಿನ್ ಗಂಡ ಏನೋ ಏಳ್ಬೇಕಂತೆ, ಕೇಳವ್ವಾ" ಅಂದ. ಅವಳು ಗಂಡನ ಮುಖ ನೋಡಿದಳು. ಅಲ್ಲಿ ಈಗಲೂ ಸಿಟ್ಟಿರಲಿಲ್ಲ. ಪರೀಕ್ಷೆಯ ಫಲಿತಾಂಶ ಮೊದಲೇ ಗೊತ್ತಿರುವವಳ ಹಾಗೆ ಸುಮ್ಮನೆ ಕಾಯುತ್ತಿದ್ದಳು. ಆ ಮುಖ ನೋಡಿಕೊಂಡು ಸುಳ್ಳು ಹೇಳಲು ಅವನಿಂದ ಆಗಲಿಲ್ಲ.

"ಆಂಡರ್ಸನ್‌ಪೇಟೇಲಿ ಯಾರೂ ಇಲ್ಲ" ಅಂದ. "ಲಾಡ್ಜಿಗೆ ಒಬ್ಬ ವೈದ್ಯ ಬತ್ತಾನೆ. ಅವನ ತಾವ ಓಗ್ತಿದ್ದೆ. ನನ್ಗೆ ಆಗ್ತಾ ಇಲ್ಲ."

"ಏನಾಗ್ತಾ ಇಲ್ಲ?" ಅಂದ ದೊಡ್ಡವೆಂಕಟಪ್ಪ.

"ಎಂಡ್ತಿ ಜೊತೆ ಸೇರಾಕೆ ಆಗ್ತಾ ಇಲ್ಲ ಬಾವ. ಎರಡ್ ವರ್ಷ ಆಯ್ತು. ಮೈಯೇ ಏಳಲ್ಲ. ಸಕ್ಕರೆ ಕಾಯ್ಲೆ ಐತಂತೆ, ಅದ್ರಿಂದ ಅಂತ ಡಾಕ್ಟ್ರು ಏಳುದ್ರು."

ದೊಡ್ಡವೆಂಕಟಪ್ಪ ಸೂರಿನ ಕಡೆ ನೋಡಿದ, ಹಸುಗಳ ಕಡೆ ನೋಡಿದ, ಹನ್ನೊಂದೂವರೆಗೆ ಬಸ್ಸಿದೆ ಎಂಬುದು ಅವನಿಗೆ ಜ್ಞಾಪಕಕ್ಕೆ ಬಂತು. ತಂಗಿಗೆ ಒಂದು ಮಾತೂ ಹೇಳದೆ ಚಪ್ಪಲಿ ಮೆಟ್ಟಿದ. ಬೇಲಿಯ ತನಕ ಹೋದವನು ತಿರುಗಿ ಚಿಕ್ಕಮುನಿಯಪ್ಪನನ್ನು ಬೆರಳಿಂದ ಕರೆದು, ಕಿವಿಯ ಹತ್ತಿರ ಬಾಯಿ ತಂದು ಕೇಳಿದ: "ಆ ಡಾಕ್ಟ್ರು ಯಾವ್ಯಾವ್ ವಾರ ಇರ್ತಾರೆ? ನನ್ಗಲ್ಲ. ನಮ್ ಮಂಡಿ ಪಕ್ಕದೋನ್ ಒಬ್ನು ಅವ್ನೆ."

ಚಿಕ್ಕಮುನಿಯಪ್ಪ ವಾರಗಳನ್ನು ಹೇಳಿ ಜಗುಲಿಗೆ ಬಂದ. ವೆಂಕಟರತ್ನಮ್ಮ ಕಂಬ ಬಿಟ್ಟು ಕದಲಿರಲಿಲ್ಲ. ಅವಳು ನಗಬಹುದು, ಉಗಿಯಬಹುದು, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೂಗಾಡಬಹುದು ಎಂದುಕೊಂಡಿದ್ದ. ಯಾವುದಕ್ಕೂ ತಲೆಬಾಗುವುದು ಎಂದು ನಿಶ್ಚಯಿಸಿ ಮಂಚದ ಅಂಚಿನಲ್ಲಿ ಕೂತ. ಅವಳು ಬಹಳ ಮೆಲ್ಲಗೆ ಕೇಳಿದಳು.

"ನಾನ್ ಆಪ್ರೇಸನ್ ಮಾಡ್ಸ್ಕಂಡಿದ್ದಕ್ಕಲ್ಲ ಅಂತೀರಾ ಅಂಗಾರೆ?"

ಅವನಿಗೆ ಅರ್ಥವಾಗಲಿಲ್ಲ. ಆಪರೇಷನ್ ಎಂದರೆ ಯಾವುದು ಎಂದು ನೆನಪಿಸಿಕೊಳ್ಳಬೇಕಾಯಿತು. ಎರಡು ವರ್ಷದ ಹಿಂದೆ, ತಿಂಗಳುಗಟ್ಟಲೆ ರಕ್ತ ಹೋಗಿ ಸೊರಗಿದಾಗ, ಕೋಲಾರದಲ್ಲಿ ಅವಳ ಗರ್ಭಕೋಶ ತೆಗೆದಿದ್ದರು. ಅವಳು ಚೇತರಿಸಿಕೊಂಡು ಎದ್ದ ತಿಂಗಳಲ್ಲೇ ಇವನು ಬೆನ್ನು ನೋವು ಎಂದು ಜಗುಲಿಗೆ ಬಂದಿದ್ದ. ಅವೆರಡನ್ನೂ ಅವನು ಒಂದು ದಿನವೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ. ಅವಳು ದಿನಾ ಇಟ್ಟು ನೋಡಿದ್ದಳು.

"ಡೈರಿ ತಾವ ಅನ್ನೋರು, ಅದನ್ನ ತೆಗ್ಸಿದ್ರೆ ಎಂಗ್ಸು ಒಳಗೆಲ್ಲಾ ಖಾಲಿ, ಗಂಡಂಗೆ ಬೇಕಾಗಲ್ಲ ಅಂತ. ನೀವು ಜಗುಲಿಗೆ ಓದ್ರಿ. ಸರಿ, ಇದೇ ಅಂದ್ಕಂಡೆ. ಆಮೇಲೆ ಪೇಟೇಲಿ ಯಾರೋ ಅವ್ಳೆ ಅಂದ್ರು. ನಾನ್ ಖಾಲಿ ಆದ್ಮೇಲೆ ನೀವಾದ್ರೂ ಏನ್ ಮಾಡ್ತೀರಿ ಅಂದ್ಕಂಡೆ. ಜಗಳಕ್ಕೂ ಬಾಯ್ ಬರ್ಲಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಎರಡ್ ವರ್ಷ ಆಯ್ತು, ಸ್ನಾನದ್ ಮನೇಲಿ ನಾನ್ ತಲೆ ಬಗ್ಗಿಸಿ ನನ್ ಮೈ ನೋಡ್ಕಂಡಿಲ್ಲ."

ಚಿಕ್ಕಮುನಿಯಪ್ಪನಿಗೆ ಈಗ ತಿಳಿಯಿತು. ತನ್ನ ಮಾನ ಉಳಿಸಿಕೊಳ್ಳಲು ಹೋಗಿ ಈ ಹೆಂಗಸನ್ನು ಎಂಥ ಕತ್ತಲಲ್ಲಿ ಕೂರಿಸಿದ್ದ! ಅವನು ಎದ್ದು ಅವಳ ಎದುರಿಗೆ ನಿಂತ. ಮಗಳು ಒಳಗಿದ್ದಾಳೆ, ಬೀದಿಯಲ್ಲಿ ಜನ ಓಡಾಡುತ್ತಿದ್ದಾರೆ ಎಂಬುದು ಗೊತ್ತಿದ್ದೂ ಅವಳ ಎರಡೂ ಕೈ ಹಿಡಿದುಕೊಂಡ.

"ನಿನ್ನಿಂದ ಅಲ್ಲ ಕಣೆ" ಅಂದ. "ನಿನ್ ಮೈಗೂ ಅದಕ್ಕೂ ಸಂಬಂಧ ಇಲ್ಲ. ನನ್ ಕಾಯ್ಲೆ ಅದು."

ಅವಳು ಸ್ವಲ್ಪ ಹೊತ್ತು ಅವನನ್ನೇ ದಿಟ್ಟಿಸಿದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲು ಕೈ ಬಿಡಿಸಿಕೊಳ್ಳಲಿಲ್ಲ.

"ಇನ್ನೊಂದ್ ಸಲ ಅನ್ನಿ" ಅಂದಳು.

ಅವನು ಇನ್ನೊಂದು ಸಲ ಅಂದ.